ಅಡ್ಡಗೆರೆಯ ಕಿಸೆ

ಮನೋಳಿಯ ಆ ಓಣಿಯಲ್ಲಿ ಕೌದಿಗೊಂದು ಕಟ್ಟಳೆ ಇತ್ತು. ಹಳೆಯ ಸೀರೆ, ಲುಂಗಿ, ಅಂಗಿಗಳ ತುಂಡುಗಳನ್ನು ಪದರ ಪದರವಾಗಿ ಹಾಸಿದ ಮೇಲೆ ಮೊದಲ ಹೊಲಿಗೆ ಯಾರು ಹಾಕುತ್ತಾರೋ, ಕೊನೆಯ ಮೂಲೆಯನ್ನೂ ಅದೇ ಕೈ ಮುಚ್ಚಬೇಕು. ನಡುವಿನ ಹೊಲಿಗೆಗೆ ಯಾರು ಬೇಕಾದರೂ ಕೂರಬಹುದು. ಮುಚ್ಚುವ ಮುಂಚೆ ಮೂಲೆಯೊಳಗೆ ರೊಟ್ಟಿಯ ಒಂದು ಚೂರು ಇಡಬೇಕು. ಕೌದಿ ಹಸಿದಿದ್ದರೆ ಹೊದ್ದವರ ಮೈ ತಿನ್ನುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಮೂಲೆ ಮುಚ್ಚದೆ ಉಳಿದದ್ದು ಬಾಯಿ ತೆರೆದ ಕೌದಿ. ಎಂಥ ಚಳಿಯಿದ್ದರೂ ಅದನ್ನು ಯಾರೂ ಹೊದೆಯುತ್ತಿರಲಿಲ್ಲ.

ಓಣಿಯ ಬಹುಪಾಲು ಕೌದಿಗಳಿಗೆ ಮೊದಲ ಹೊಲಿಗೆ ನೂರಬಿಯದೇ. ಆಕೆಯ ಕೈಗುಣ ಒಳ್ಳೆಯದು, ಆಕೆ ಹಾಕಿದ ಕೌದಿಯಲ್ಲಿ ಮಲಗಿದ ಕೂಸು ಅಳುವುದಿಲ್ಲ ಎಂಬ ಮಾತಿತ್ತು. ಅಂಥ ನೂರಬಿ ಈಗ ಎರಡು ವರ್ಷಗಳಿಂದ ಆಸ್ಪತ್ರೆಗಲ್ಲದೆ ಹೊಸ್ತಿಲು ದಾಟಿರಲಿಲ್ಲ.

ದಾಟಲು ಮಗ ಬಿಟ್ಟಿರಲಿಲ್ಲ. ಇಸ್ರಾರ ಕೆಟ್ಟವನಲ್ಲ. ಮನೋಳಿ, ಯರಗಟ್ಟಿ, ಬೆಳಗಾವಿ ಎಂದು ದಿನವೂ ಗಾಡಿ ಹೊಡೆಯುವ ಡ್ರೈವರ್. ಕೊರೊನಾದ ಎರಡನೆಯ ಅಲೆಯ ಬೇಸಿಗೆಯಲ್ಲಿ ಅಣ್ಣ ಚಮನಸಾಬನನ್ನು ಅದೇ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದವನು ಅವನು, ಬರಿಗಾಡಿಯಲ್ಲಿ ತಿರುಗಿ ಬಂದವನೂ ಅವನೇ. ಅದಾದ ಸ್ವಲ್ಪ ದಿನಕ್ಕೆ ತಾಯಿಯ ರಕ್ತವನ್ನು ಪರೀಕ್ಷೆ ಮಾಡಿಸಿದ. ನೂರಬಿಗೆ ಕೀಲುಬೇನೆ. ಬೆರಳೆಲ್ಲ ಬಾತು ಸೂಜಿ ಹಿಡಿಯಲು ಬಾರದಂತಾಗಿ, ಆಮೇಲೆ ಬೆಳಗಾವಿಯ ದೊಡ್ಡ ಡಾಕ್ಟರು ಆರು ತಿಂಗಳಿಗೊಮ್ಮೆ ಸಲೈನಿನಲ್ಲಿ ಏರಿಸುವ ಔಷಧದಿಂದ ಬೆರಳು ಮತ್ತೆ ಬಿಚ್ಚಿಕೊಂಡಿದ್ದವು. ಆದರೆ ಆ ಔಷಧ ಬೇನೆಯ ಜೊತೆಗೆ ಮೈಯೊಳಗೆ ಆಂಟಿಬಾಡಿ ಮಾಡುವ ಕೋಶಗಳನ್ನೂ ಒರೆಸಿ ಹಾಕುತ್ತದಂತೆ. ಕೊರೊನಾ ಲಸಿಕೆ ಎರಡು ಸಲ ಹಾಕಿಸಿದರೂ ಪರೀಕ್ಷೆಯಲ್ಲಿ ಬಂದದ್ದು ಸೊನ್ನೆ. ಡಾಕ್ಟರು ಏನೇನೋ ಬಿಡಿಸಿ ಹೇಳಿದರು. ಇಸ್ರಾರನ ಕಿವಿಯಲ್ಲಿ ಉಳಿದದ್ದು ಸೊನ್ನೆಯೊಂದೇ.

ಅಂದಿನಿಂದ ತಾಯಿ ಒಳಕೋಣೆಯಲ್ಲಿ, ಮಗ ಹೊರಗಿನ ಕಟ್ಟೆಯಲ್ಲಿ. ಗಾಡಿ ನಿಲ್ಲಿಸಿ ಹಿತ್ತಲಲ್ಲೇ ಮೈ ತೊಳೆದು, ಬಾಗಿಲಾಚೆ ನಿಂತು, ಉಂಡೆಯಾ ಎಂದು ಕೇಳುತ್ತಿದ್ದ. ತಾಯಿಯ ಕೈ ಮುಟ್ಟಿರಲಿಲ್ಲ. ನಡುವೆ ಓಡಾಡುವವಳು ಅವನ ಮಗಳು ಫರೀನ್ ಒಬ್ಬಳೇ. ತಾಯಿಯಿಲ್ಲದ ಹುಡುಗಿ. ಅಜ್ಜಿಯ ಬೆರಳು ಬಾತ ವರ್ಷ ಎಂಟನೆಯ ಇಯತ್ತೆಗೆ ಸಾಲಿ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತವಳು. ಮಾತು ಕಡಿಮೆ. ಯಾರಾದರೂ ಬಂದರೆ ಬಾಗಿಲ ಮರೆಗೆ ಹೋಗುವಳು. ಆದರೆ ಮರೆಯಲ್ಲಿ ನಿಂತೇ ಬಂದವರ ಚಪ್ಪಲಿಯ ಉಂಗುಟ ಎಷ್ಟು ಸವೆದಿದೆ, ಕುಪ್ಪಸದ ತೋಳು ಯಾವ ಕಡೆ ಎಳೆಯುತ್ತಿದೆ ಎಂಬುದನ್ನೆಲ್ಲ ನೋಡಿಟ್ಟುಕೊಳ್ಳುವಳು.

ಆ ವರ್ಷ ಎದುರು ಮನೆಯ ಗುರುಬಸವ್ವನ ಮಗಳು ಮಧು ಬಾಣಂತನಕ್ಕೆ ತವರಿಗೆ ಬಂದಿದ್ದಳು. ತೊಟ್ಟಿಲ ಕೌದಿಗೆ ತುಂಡುಗಳೆಲ್ಲ ಜೋಡಣೆಯಾಗಿದ್ದವು. ಗುರುಬಸವ್ವ ದಿನಾ ಮುಂಜಾನೆ ತನ್ನ ಕಟ್ಟೆಯಿಂದಲೇ ಇಸ್ರಾರನನ್ನು ಕೇಳುವಳು, ನಿಮ್ಮವ್ವನ ಕೈ ಒಂದು ತಾಸು ಕಡ ಕೊಡು ಎಂದು. ಇಸ್ರಾರ ನಗುತ್ತ ಗಾಡಿ ಚಾಲೂ ಮಾಡಿ ಹೋಗಿಬಿಡುವನು. ಒಳಗೆ ಕಿಟಕಿಯ ಹತ್ತಿರ ಕೂತ ನೂರಬಿ ಅದನ್ನು ಕೇಳಿಸಿಕೊಂಡು ತನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚುವುದನ್ನು ಫರೀನ್ ನೋಡುತ್ತಿದ್ದಳು.

ಅಂಥ ದಿನಗಳಲ್ಲಿ ಡಾಕ್ಟರ್ ಮಾಲಾ ಬಂದರು. ನೂರಬಿಗೆ ಔಷಧ ಏರಿಸುವ ಆಸ್ಪತ್ರೆಯಲ್ಲೇ ಸಂಶೋಧನೆ ಮಾಡುವವರು. ಇಂಥ ಔಷಧ ತೆಗೆದುಕೊಳ್ಳುವವರ ಮೈ ಕೊರೊನಾವನ್ನು ಹೇಗೆ ಎದುರಿಸುತ್ತದೆ ಎಂದು ತಿಳಿಯಲು ಊರೂರು ತಿರುಗಿ ರಕ್ತ ಕೇಳುತ್ತಿದ್ದರು. ಮುಖಕ್ಕೆ ಮಾಸ್ಕ್ ಹಾಕಿಕೊಂಡು ಹೊರಗಿನ ಕಟ್ಟೆಯ ಮೇಲೇ ಕೂತರು. ಇಸ್ರಾರ ಕೈ ಕಟ್ಟಿ ನಿಂತು, ನೋಡೂದೇನೈತ್ರಿ, ಸೊನ್ನಿ ಅಂತ ಅವತ್ತೇ ಹೇಳ್ಯಾರಲ್ಲ ಎಂದ.

"ಆ ಸೊನ್ನಿ ಅಗಸೀದು," ಎಂದರು ಮಾಲಾ. "ಆಂಟಿಬಾಡಿ ಅಂದ್ರ ಅಗಸಿ ಬಾಗಿಲದಾಗ ನಿಂತವರು. ವೈರಸ್ ಊರು ಹೊಗೂಕಿಂತ ಮೊದಲ ಹಿಡಿತಾರ. ನಿಮ್ಮ ತಾಯಾರಿಗೆ ಅಗಸ್ಯಾಗ ಯಾರೂ ಇಲ್ಲ, ಖರೆ. ಆದ್ರ ಊರೊಳಗ ಓಣಿ ಓಣಿ ತಿರಗವರು ಬ್ಯಾರೆ ಅದಾರ. ಟಿ ಕೋಶ ಅಂತಾರ ಅವಕ್ಕ. ವೈರಸ್ ಯಾವ ಮನಿ ಹೊಕ್ಕೈತಿ ಅಂತ ಗುರುತು ಹಿಡದು, ಅದು ಮರಿ ಹಾಕೂದರೊಳಗ ಆ ಮನೀನ ಕೆಡವಿಬಿಡತಾವು. ನಿಮ್ಮ ತಾಯಾರ ಔಷಧ ಅವನ್ನ ಮುಟ್ಟೂದಿಲ್ಲ. ಅವು ಕೊರೊನಾದ ಗುರುತು ಕಲತಾವೋ ಇಲ್ಲೋ ಅಂತ ಯಾರೂ ಇನ್ನ ನೋಡಿಲ್ಲ."

ಚಹಾದ ಕಪ್ಪು ಹಿಡಿದು ಬಾಗಿಲ ಮರೆಯಲ್ಲಿ ನಿಂತಿದ್ದ ಫರೀನಳಿಗೆ ಒಂದು ಪ್ರಶ್ನೆ ನಾಲಿಗೆಯ ತುದಿಗೆ ಬಂತು. ಓಣಿಯಲ್ಲಿ ತಿರುಗುವವರಿಗೆ ಮನೆಯೊಳಗೆ ಯಾರಿದ್ದಾರೆ ಎಂದು ಹೊರಗಿನಿಂದಲೇ ಹೇಗೆ ತಿಳಿಯಬೇಕು? ಆದರೆ ಕೇಳಲಿಲ್ಲ. ಚಹಾ ಆರಿತು, ಅದನ್ನು ಬಿಸಿ ಮಾಡಿ ತರಲು ಒಳಗೆ ಹೋದಳು.

ಇಸ್ರಾರ ಕೊನೆಗೆ ಒಪ್ಪಿದ. ಒಂದು ಷರತ್ತು: ನರ್ಸಮ್ಮ ಮನೆಗೇ ಬಂದು ರಕ್ತ ತೆಗೆಯಬೇಕು, ಬೆಳಗಾವಿಗೆ ಮುಟ್ಟಿಸುವ ಕೆಲಸ ತನ್ನದು. ಹಾಗೆಯೇ ಆಯಿತು, ಕೆಟ್ಟದ್ದೂ ಅಲ್ಲಿಯೇ. ಲಸಿಕೆಯ ಕಾಲದಲ್ಲಿ ಸವದತ್ತಿಯಿಂದ ಹಳ್ಳಿಗಳಿಗೆ ಲಸಿಕೆಯ ಪೆಟ್ಟಿಗೆ ಹೊತ್ತದ್ದು ಇಸ್ರಾರನ ಗಾಡಿ. ಮಂಜುಗಡ್ಡೆ ಕರಗಿದರೆ ಎಲ್ಲ ಕೆಟ್ಟಿತು ಎಂದು ಅವನಿಗೆ ಅಂದು ಸಾವಿರ ಸಲ ಹೇಳಿದ್ದರು. ನರ್ಸಮ್ಮ, ಹಿಂಗ ಇದ್ದಂಗ ಒಯ್ರಿ ಎಂದು ಕೊಟ್ಟ ಪೆಟ್ಟಿಗೆಯನ್ನು ಯರಗಟ್ಟಿಯ ಬಿಸಿಲಲ್ಲಿ ತೆರೆದು ನೋಡಿದ. ಒಳಗೆ ಮಂಜುಗಡ್ಡೆಯೇ ಇಲ್ಲ. ಪಾಪ, ಮರೆತಿದ್ದಾಳೆ ಎಂದುಕೊಂಡು ಸೋಡಾ ಅಂಗಡಿಯಿಂದ ಗಡ್ಡೆ ತಂದು, ಕುಟ್ಟಿ, ಕೊಳವೆಗಳ ಸುತ್ತ ಒತ್ತಿ ತುಂಬಿದ. ಹೆಮ್ಮೆಯಿಂದ ಒಯ್ದು ಕೊಟ್ಟ. ಪ್ರಯೋಗಾಲಯದವರು ನೋಡಿದಾಗ ಕೋಶಗಳೆಲ್ಲ ಜಡವಾಗಿ ಗಂಟುಗಟ್ಟಿ, ಕೆಲಸಕ್ಕೆ ಬಾರದೆ ಹೋಗಿದ್ದವು.

ಮಾಲಾ ಬೈಯಲಿಲ್ಲ. ಇನ್ನೊಮ್ಮೆ ರಕ್ತ ತೆಗೆಯಲು ತಾವೇ ಬಂದರು. ಗುರುಬಸವ್ವ ಮಾತ್ರ ಬಿಡಲಿಲ್ಲ. ತನ್ನ ಕಟ್ಟೆಯಿಂದ, "ಅವ್ವನ ರಕ್ತದ ಐಸ್‌ಕ್ಯಾಂಡಿ ಮಾಡಿದ್ಯಂತಲ್ಲೋ ಇಸ್ರಾರಾ, ನಮಗೊಂದು ಇಟ್ಟೀಯಿಲ್ಲ?" ಎಂದಳು. ಓಣಿಯೇ ನಕ್ಕಿತು. ಇಸ್ರಾರ ಗಾಡಿಯ ಗಾಜು ಒರೆಸತೊಡಗಿದ.

ಆ ನಗೆಯ ಮರೆಯಲ್ಲಿ ಫರೀನ್ ಬಾಗಿಲಿನಿಂದ ಅರ್ಧ ಹೊರಬಂದಳು.

"ಅವಕ್ಕ ಜೀವ ಇರತೈತೇನ್ರಿ?"

ಮಾಲಾ ತಿರುಗಿ ನೋಡಿದರು. ಇರತೈತಿ, ಅದಕ್ಕೇ ಮಂಜುಗಡ್ಡೆ ಆಗದು ಎಂದರು. ಲಸಿಕೆಗೆ ತಂಪು ಬೇಕು. ಇವಕ್ಕೆ ನಾವು ಕೂರುವ ಕೋಣೆಯ ಹವೆ ಬೇಕು, ಅದೂ ಅದೇ ದಿನ ಪ್ರಯೋಗಾಲಯ ಮುಟ್ಟಬೇಕು. ಫರೀನ್ ಧೈರ್ಯ ಮಾಡಿ ಹಳೆಯ ಪ್ರಶ್ನೆಯನ್ನೂ ಕೇಳಿಬಿಟ್ಟಳು, ಮನೆಯೊಳಗಿದ್ದವರ ಗುರುತು ಹೊರಗಿನವರಿಗೆ ಹೇಗೆ ಹತ್ತುತ್ತದೆ ಎಂದು. ಡಾಕ್ಟರು ಕೈಯ ಗವಸು ತೆಗೆದು ಕಟ್ಟೆಯ ಮೇಲೆ ಕೂತೇಬಿಟ್ಟರು. ಮೈಯ ಒಂದೊಂದು ಕೋಶವೂ ತನ್ನೊಳಗೆ ತಯಾರಾಗುವುದರ ಚಿಕ್ಕ ಚಿಕ್ಕ ತುಂಡುಗಳನ್ನು ಸದಾ ಹೊರಗಿನ ಗೋಡೆಗೆ ತಂದು ತೂಗುಹಾಕುತ್ತದಂತೆ. ಒಳಗೆ ವೈರಸ್ ಹೊಕ್ಕಿದ್ದರೆ ಅದರ ತುಂಡೂ ಹೊರಗೆ ಬರುತ್ತದೆ. ತಿರುಗುವ ಟಿ ಕೋಶ ಆ ತುಂಡನ್ನು ಮುಟ್ಟಿ ನೋಡುತ್ತದೆ. ಇಡೀ ವೈರಸ್ ಅದಕ್ಕೆ ಕಾಣಬೇಕಿಲ್ಲ, ಚೂರು ಸಾಕು. ವೈರಸ್ ಮೇಲಂಗಿ ಬದಲಿಸಿಕೊಂಡು ಬಂದರೆ ಅಗಸಿಯವರು ಮೋಸ ಹೋಗಬಹುದು, ಆದರೆ ಒಳಗಿನ ತುಂಡು ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಪರೀಕ್ಷೆ ಮಾಡುವುದೂ ಹಾಗೆಯೇ. ಸಣ್ಣ ಸಣ್ಣ ಬಟ್ಟಲುಗಳಲ್ಲಿ ವೈರಸಿನ ಬೇರೆ ಬೇರೆ ತುಂಡು ಇಟ್ಟು ನೂರಬಿಯ ಕೋಶಗಳನ್ನು ಬಿಡುತ್ತಾರೆ. ತುಂಡಿನ ಗುರುತು ಹತ್ತಿದ ಕೋಶ ಕೂಗು ಹಾಕುತ್ತದೆ. ಆ ಕೂಗು ಬಟ್ಟಲ ತಳದಲ್ಲಿ ಒಂದು ಚುಕ್ಕೆಯಾಗಿ ಮೂಡುತ್ತದೆ.

ಫೋನಿನಲ್ಲಿ ಬೇರೆ ಯಾರದೋ ಬಟ್ಟಲಿನ ಚಿತ್ರ ತೋರಿಸಿದರು. ಬಿಳಿಯ ಮೇಲೆ ನೀಲಿ ಚುಕ್ಕೆಗಳು. ಕೌದಿಯ ಹಿಂಬದಿಯಲ್ಲಿ ಕಾಣುವ ಹೊಲಿಗೆಯ ಹಾಗೆ ಎನಿಸಿತು ಫರೀನಳಿಗೆ. ಅಂದು ಯಂತ್ರ ತುಳಿಯುವಾಗಲೂ ಅವಳಿಗೆ ಅದೇ ಯೋಚನೆ. ಈ ಕೈಯೊಳಗೆ, ಈ ಬೆರಳೊಳಗೆ ಯಾರೋ ಮನೆ ಮನೆಯ ಗೋಡೆ ಮುಟ್ಟುತ್ತ ತಿರುಗುತ್ತಿದ್ದಾರೆ. ಅವರಿಗೆ ಏನೇನು ನೆನಪಿದೆಯೋ.

ಕೆಲವು ವಾರಗಳಾದ ಮೇಲೆ ಫೋನು ಬಂತು. ಇಸ್ರಾರ ಮನೆಯಲ್ಲೇ ಇದ್ದ. ಫರೀನ್ ಫೋನನ್ನು ಎಲ್ಲರಿಗೂ ಕೇಳುವಂತೆ ಹೊಸ್ತಿಲ ಮೇಲಿಟ್ಟಳು. ಚುಕ್ಕೆ ಮೂಡಿವೆ ಎಂದರು ಮಾಲಾ. ಲಸಿಕೆಯಲ್ಲಿ ಇರುವ ತುಂಡಿಗೂ ಮೂಡಿವೆ, ಚೆನ್ನಾಗಿಯೇ ಮೂಡಿವೆ. ಇಸ್ರಾರನ ಮುಖ ಅರಳಿತು. ಡಾಕ್ಟರು ಮಾತು ಮುಂದುವರಿಸಿದರು. ಅವರು ಹಾಕಿಸಿಕೊಂಡ ಲಸಿಕೆಯಲ್ಲಿ ಇಲ್ಲದ ತುಂಡೊಂದಿದೆ, ವೈರಸಿನ ಹೊಟ್ಟೆಯೊಳಗಿನದು. ಆ ಬಟ್ಟಲಲ್ಲೂ ಚುಕ್ಕೆ ತುಂಬಿದೆ. ಹಳೆಯ ನೆಗಡಿಯ ನೆನಪಿನಿಂದ ಒಂದೋ ಎರಡೋ ಮೂಡುವುದುಂಟು, ಇಷ್ಟು ಮೂಡುವುದಿಲ್ಲ.

"ಅಂದ್ರ, ಅಮ್ಮಾರಿಗೆ ಯಾವಾಗೋ ಕೊರೊನಾ ಬಂದು ಹೋಗೇದ್ರಿ. ನಿಮಗ್ಯಾರಿಗೂ ತಿಳಿಯದಂಗ."

ಒಳಗೆ ನೂರಬಿಯ ಬಳೆ ಸದ್ದು ಮಾಡುವುದು ನಿಂತಿತು. ಅದನ್ನು ಗಮನಿಸಿದವಳು ಫರೀನ್ ಒಬ್ಬಳೇ.

ಇಸ್ರಾರ ಹೊಸ್ತಿಲಿನಿಂದ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ, ತಂದವನು ನಾನೇ ಎಂದ. ಈ ಮನೆಯಿಂದ ಊರೂರು ತಿರುಗುವವನು ತಾನೊಬ್ಬನೇ. ಒಳಕೋಣೆಗೆ ಬಂದವರು ಯಾರೂ ಇಲ್ಲ, ತಾಯಿ ಆಸ್ಪತ್ರೆಗಲ್ಲದೆ ಹೋದದ್ದೂ ಇಲ್ಲ, ಅದೂ ತನ್ನದೇ ಗಾಡಿಯಲ್ಲಿ. ಇಷ್ಟು ತೊಳೆದರೂ, ಇಷ್ಟು ದೂರ ನಿಂತರೂ ತನ್ನ ಮೈಮೇಲೇ ಬಂತು. ಒಮ್ಮೆ ಉಳಿದಳು, ಇನ್ನೊಮ್ಮೆ ಉಳಿಯುತ್ತಾಳೆಂದು ಯಾರು ಹೇಳಬೇಕು? ಯರಗಟ್ಟಿಯಲ್ಲಿ ಒಂದು ಕೋಣೆ ನೋಡುತ್ತೇನೆ, ನಾನು ಅಲ್ಲೇ ಇರುತ್ತೇನೆ, ಈ ಓಣಿಯ ಕಿಟಕಿಯನ್ನೂ ನಾಳೆ ಮುಚ್ಚಿಸುತ್ತೇನೆ ಎಂದ. ಬಾಗಿಲು ತೆರೆಸಬೇಕಾದ ಸುದ್ದಿ ಕಿಟಕಿಯನ್ನೂ ಮುಚ್ಚಿಸಲು ಹೊರಟಿತು.

ಫರೀನಳಿಗೆ ನಿದ್ದೆಯಲ್ಲೂ ಅದೇ. ಅಬ್ಬಾ ತಂದಿರಬಹುದು. ಕುಪ್ಪಸದ ಅಳತೆ ಕೊಡಲು ಬರುವವರಿಂದ ತಾನೇ ತಂದಿರಬಹುದು. ಆದರೆ ಅಜ್ಜಿ ದಾದಿಮಾ ಏಕೆ ಸುಮ್ಮನಾದಳು? ಕೇಳಿದರೆ ನೂರಬಿ ಎಲೆಯಡಿಕೆ ಕುಟ್ಟತೊಡಗುವಳು.

ಮರುದಿನ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಮಧುವಿನ ಕುಪ್ಪಸ ಸಡಿಲಿಸಲು ಅಳತೆ ಬೇಕೆಂದು ಫರೀನ್ ಎದುರು ಮನೆಗೆ ಹೋದಳು. ಗುರುಬಸವ್ವ ಮನೆಯ ಕೌದಿಗಳನ್ನೆಲ್ಲ ಹಿತ್ತಲ ಗೋಡೆಯ ಮೇಲೆ ಒಣಹಾಕಿದ್ದಳು. ಫರೀನ್ ಅವುಗಳ ಪಕ್ಕದಲ್ಲಿ ಹಾಯುತ್ತ ಹೋದವಳು ಒಂದರ ಮುಂದೆ ನಿಂತಳು.

ಕೊನೆಯ ಮೂಲೆ. ಮಡಚಿ ಇಟ್ಟ ಅಂಗೈಯಷ್ಟು ತುಂಡು. ಕಂದು ಬಣ್ಣ, ಅದರ ಮೇಲೆ ಮಾವಿನ ಹಣ್ಣಿನ ಬಣ್ಣದ ಗೆರೆ. ಗೆರೆ ಅಡ್ಡ.

ಆ ಬಟ್ಟೆ ರಾಮದುರ್ಗದ ಪೇಟೆಯದು. ಫರೀನ್ ಹೊಲಿದ ಮೊದಲ ಗಂಡಸರ ಅಂಗಿ ಅದು, ದೊಡ್ಡಪ್ಪ ಚಮನಸಾಬನಿಗೆ. ಮೈಗೆಲ್ಲ ಗೆರೆ ಉದ್ದಕ್ಕೆ ಬಂದು, ಕಿಸೆಗೆ ಮಾತ್ರ ಬಟ್ಟೆ ತಿರುಗಿ ಗೆರೆ ಅಡ್ಡ ಬಿದ್ದಿತ್ತು. ಅಳುತ್ತ ಬಿಚ್ಚಲು ಕೂತವಳ ಕೈಯಿಂದ ಚಮನಸಾಬ ಅಂಗಿ ಕಸಿದು ತೊಟ್ಟು, ಇದು ಮುಂಬೈ ಫ್ಯಾಶನ್ ಎಂದು ಸಂತೆಯೆಲ್ಲ ತಿರುಗಿ ಬಂದಿದ್ದ. ಅವನು ಹೋದ ಮೇಲೆ ನೂರಬಿ ಅದನ್ನು ಒಳಕೋಣೆಯ ತನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಳು. ಬೀಗದ ಕೈ ಅವಳ ಕೊರಳಲ್ಲಿ. ಅವಳು ಹೊಸ್ತಿಲು ದಾಟದಂತಾದ ಮೇಲೆ ಟ್ರಂಕು ಸೇರಿದ ಅಂಗಿಯ ಕಿಸೆ ಈ ಗೋಡೆಯ ಮೇಲೆ ಹೇಗೆ ಬಂತು?

ಹಿಂದೆ ಗುರುಬಸವ್ವ ಬಂದು ನಿಂತಿದ್ದಳು. ಹುಡುಗಿಯ ಕೈ ಎಲ್ಲಿದೆ ಎಂದು ನೋಡಿ ನೆಲಕ್ಕೆ ಕೂತಳು.

ಬಿಡಿಸಿ ಹೇಳಿದಳು. ಈ ಕೌದಿಗೆ ನೂರಬಿ ಮೊದಲ ಹೊಲಿಗೆ ಹಾಕಿದ್ದು ಕೊರೊನಾಕ್ಕೂ ಮುಂಚೆ. ಆಮೇಲೆ ಅದು ಬಾಯಿ ತೆರೆದೇ ಉಳಿಯಿತು. ಹಿಂದಿನ ವರ್ಷದ ಸಂಕ್ರಾಂತಿಯ ಹೊತ್ತಿಗೆ ಮಗ ಬಸವಲಿಂಗ ರಾಮದುರ್ಗದಿಂದ ಜ್ವರ ಹೊತ್ತು ಬಂದ. ಪರೀಕ್ಷೆಯಲ್ಲಿ ಕೊರೊನಾ ಎಂದಿದ್ದರು. ಎರಡು ದಿನಕ್ಕೆ ಇವಳಿಗೂ ಗಂಟಲು ಹರಿಯುವಂಥ ನೋವು, ಮೈತುಂಬ ಚಳಿ. ಮನೆಯ ಬೇರೆ ಕೌದಿಯೆಲ್ಲ ಮಗನಿಗೆ ಹೊದಿಸಿ, ಇವಳು ಬಾಯಿ ತೆರೆದದ್ದನ್ನೇ ಹೊದ್ದು ನಡುಗುತ್ತ ಹಿತ್ತಲಲ್ಲಿ ಬಿಸಿಲಿಗೆ ಕೂತಿದ್ದಳು. ಅದನ್ನು ಹೊದ್ದು ಹಿತ್ತಲಿಗೆ ಹೋಗುವಾಗಲೇ ನೂರಬಿ ಕಿಟಕಿಯಿಂದ ಕಂಡಿದ್ದಳು. ಇಸ್ರಾರ ಗಾಡಿಯ ಮೇಲಿದ್ದ, ಫರೀನ್ ನೀರಿಗೆ ಹೋಗಿದ್ದಳು. ಹಿತ್ತಲ ಬಾಗಿಲಿನಿಂದ ಸುತ್ತು ಹಾಕಿ ಬಂದೇಬಿಟ್ಟಳು.

"ಬರಬ್ಯಾಡ ಅಂದ್ನೆವ್ವಾ. ಬಾಯಿ ತೆರದ ಕೌದಿ ಹೊತ್ತು ಸಾಯಾಕ ಹತ್ತೀಯೇನು ಅಂತ ನನಗ ಬೈದ್ಲು. ನನ್ನ ಮಗ್ಗಲಕ್ಕ ಕುಂತು ಮೂಲಿ ಮುಚ್ಚಿ ಹೋದ್ಲು. ಆಣಿ ಇಡಿಸಿಕೊಂಡಾಳ, ಇಸ್ರಾರಗ ಹೇಳಬಾರದು ಅಂತ."

ಫರೀನ್ ಕಿಸೆಯ ಮೇಲೆ ಬೆರಳಾಡಿಸಿದಳು. ಒಳಗೆ ಗಟ್ಟಿಯಾದ ಒಂದು ಚೂರು ಕೈಗೆ ಹತ್ತಿತು, ಒಣಗಿದ ರೊಟ್ಟಿ. ಇಡೀ ಅಂಗಿ ಬೇಕಾಗಲಿಲ್ಲ, ಅಂಗೈಯಗಲ ತುಂಡು ಸಾಕಾಯಿತು ಎಂದು ಅವಳಿಗೆ ಹೊಳೆಯಿತು. ಡಾಕ್ಟರು ಹೇಳಿದ್ದು ಈಗ ಬೆರಳಿಗೇ ತಿಳಿದಂತಾಯಿತು. ಆದರೆ ಮುಂದೇನು? ಹೇಳಿದರೆ ದಾದಿಮಾಳ ಕಳ್ಳ ನಡೆ ಬಯಲಾಗುತ್ತದೆ. ಹೇಳದಿದ್ದರೆ ಅಬ್ಬಾ ತನ್ನನ್ನೇ ತಪ್ಪಿತಸ್ಥನೆಂದುಕೊಂಡು ಯರಗಟ್ಟಿಗೆ ಹೋಗುತ್ತಾನೆ. ಹೊರಗೆ ಓಣಿಯಲ್ಲಿ ಆಗಲೇ ಕಿಟಕಿ ಮುಚ್ಚುವ ಗೌಂಡಿಯ ಸೈಕಲ್ ಬಂದು ನಿಂತ ಸದ್ದಾಯಿತು.

ಅವಳು ಗುರುಬಸವ್ವನ ಮುಖ ನೋಡಿದಳು. "ಆಯಿ, ಇದನ್ನ ಒಯ್ಯಲ್ಯಾ?"

ಗುರುಬಸವ್ವ ತಾನೇ ಕೌದಿಯನ್ನು ಗೋಡೆಯಿಂದ ಇಳಿಸಿ ಅವಳ ಹೆಗಲಿಗೆ ಹಾಕಿದಳು. "ಆಣಿ ಇಟ್ಟಾಕಿ ನಾನು. ನೀ ಅಲ್ಲಲ್ಲ."

ಇಸ್ರಾರ ಕಿಟಕಿಯ ಅಳತೆ ಹಿಡಿಸುತ್ತಿದ್ದ. ಜನ ಕಂಡರೆ ಬಾಗಿಲ ಮರೆಗೆ ಹೋಗುವ ಮಗಳು ನಡು ಓಣಿಯಲ್ಲಿ ಬಂದು ಅವನ ಕಾಲ ಬಳಿ ಕೌದಿ ಹರಡಿದಳು. ಮೂಲೆಯನ್ನಷ್ಟೇ ಎತ್ತಿ ಹಿಡಿದಳು. ಇಸ್ರಾರ ಮೊದಲು ಸಿಡುಕಿದ. ಆಮೇಲೆ ಬಗ್ಗಿ ನೋಡಿದ. ಅಣ್ಣನ ಎದೆಯ ಮೇಲಿನ ಆ ಕಿಸೆಯಲ್ಲಿ ಎಷ್ಟು ಸಲ ಕೈ ಹಾಕಿ ಬೀಡಿ ಕದ್ದಿದ್ದನೋ.

"ಅಣ್ಣಾಂದು," ಎಂದ. ಗೌಂಡಿ ಅಳತೆಪಟ್ಟಿ ಸುತ್ತಿಕೊಂಡು ಅತ್ತ ಸರಿದ.

ಕಿಟಕಿಯೊಳಗಿನಿಂದ ನೂರಬಿಯ ದನಿ ಬಂತು.

"ಟ್ರಂಕಿನ್ಯಾಗ ಇಟ್ಟು ಏನ್ ಮಾಡಲಿ ಇಸ್ರಾರ? ಅಂವಗ ಯಾವತ್ತೂ ಒಬ್ಬನ ಇರೂದು ಸೇರತಿದ್ದಿಲ್ಲ. ಹತ್ತು ಮಂದಿ ನಡುವ ಇರಲಿ ಅಂತ ಅಲ್ಲಿ ಇಟ್ಟು ಹೊಲದು ಬಂದೆ. ಆಮ್ಯಾಲೆ ನಾಕ ದಿನ ಗಂಟಲು ಕೆರಿತು. ಮೆಣಸಿನಕಾಯಿ ಘಾಟು ಅಂದೆ, ನೀವು ನಂಬಿದ್ರಿ. ನೀ ತಂದಿದ್ದಲ್ಲ, ಬೇಟಾ. ನಾನ ಹೋಗಿ ತಂದಿದ್ದು."

ಇಸ್ರಾರ ಸಿಟ್ಟಿಗೇಳುತ್ತಾನೆ ಎಂದು ಫರೀನ್ ಕಾದಳು. ಸಿಟ್ಟಿಗೆದ್ದ ಕೂಡ. ಸತ್ತಿದ್ದರೆ ಏನು ಗತಿ ಎಂದ, ಎರಡು ವರ್ಷ ಕಟ್ಟೆಯ ಮೇಲೆ ಸೊಳ್ಳೆ ಕಡಿಸಿಕೊಂಡವನು ಮಳ್ಳನೇ ಎಂದ. ಎದುರು ಕಟ್ಟೆಯಿಂದ ಗುರುಬಸವ್ವ, ಹೂಂ, ಅದರಾಗ ಸಂಶೇ ಇಲ್ಲ ಎಂದದ್ದು ಕೇಳಿ ಅವನ ಸಿಟ್ಟು ಅರ್ಧಕ್ಕೇ ನಿಂತಿತು. ಕೌದಿಯ ಮೇಲೆ ಕುಕ್ಕರುಗಾಲಲ್ಲಿ ಕೂತು ಮುಖ ಒರೆಸಿಕೊಂಡ. ಆಮೇಲೆ ಮಗಳಿಗೆ, ಡಾಕ್ಟರಿಗೆ ಫೋನು ಹಚ್ಚು ಎಂದ.

ಮಾಲಾ ಎಲ್ಲ ಕೇಳಿಸಿಕೊಂಡರು. ಅವರು ಸುಳ್ಳು ಭರವಸೆ ಕೊಡಲಿಲ್ಲ. ಟಿ ಕೋಶ ಬಾಗಿಲು ಕಾಯುವುದಿಲ್ಲ, ಬೇನೆ ಮತ್ತೆ ಬರಬಹುದು ಎಂದರು. ಬಂದದ್ದನ್ನು ಬೇಗ ಹಿಡಿದು ಹಾಕುವ ಸಾಧ್ಯತೆ ಇದೆ, ಒಮ್ಮೆ ಹಿಡಿದಂತೆಯೂ ಕಾಣುತ್ತದೆ. ಆದರೆ ಬರೀ ಅದನ್ನೇ ನಂಬಿ ಕೂರಬೇಡಿರಿ, ಗದ್ದಲದಲ್ಲಿ ಮಾಸ್ಕ್ ಇರಲಿ, ಜ್ವರದವರ ಹತ್ತಿರ ಹೋಗುವುದು ಬೇಡ, ಗಂಟಲು ಕೆರೆದರೆ ಮೆಣಸಿನಕಾಯಿಯ ಹೆಸರು ಹೇಳದೆ ಅದೇ ದಿನ ನನಗೆ ಫೋನು ಮಾಡಬೇಕು ಎಂದರು. ಕೀಲಿನ ಡಾಕ್ಟರ ಜೊತೆಗೂ ಮಾತಾಡಿದ್ದಾರಂತೆ. ಇಷ್ಟು ಕಾಯ್ದುಕೊಂಡರೆ ಕೋಣೆಯಲ್ಲಿ ಕೂಡಿ ಹಾಕಬೇಕಿಲ್ಲ ಎಂಬುದು ಇಬ್ಬರ ಮಾತು.

ಫೋನು ಇಡುವ ಮುಂಚೆ ಫರೀನ್ ಕೇಳಿದಳು, "ಅವು ಎಷ್ಟ ವರ್ಷ ನೆನಪ ಇಟ್ಕೋತಾವ್ರಿ?"

"ಗೊತ್ತಿಲ್ಲವಾ," ಎಂದರು ಮಾಲಾ. "ಇದರ ಹಳೇ ಬಳಗದ್ದೊಂದು ವೈರಸ್ ಐತಿ. ಅದು ಬಂದು ಹೋದವರೊಳಗ ಹದಿನೇಳು ವರ್ಷದ ಮ್ಯಾಲೂ ಗುರುತು ಸಿಕ್ಕೈತಿ. ಇದರದ್ದು ನಾವೂ ನೋಡಾಕ ಹತ್ತೇವಿ. ಮುಂದಿನ ವರ್ಷ ಮತ್ತ ರಕ್ತ ಕೇಳಾಕ ಬರತೇನಿ. ಐಸ್ ಬ್ಯಾಡ ಅಂತ ನಿಮ್ಮಪ್ಪಗ ಹೇಳು."

ಆ ವಾರವೇ ಗುರುಬಸವ್ವನ ಹಿತ್ತಲಲ್ಲಿ, ಬಯಲು ಗಾಳಿಯಲ್ಲಿ, ತೊಟ್ಟಿಲ ಕೌದಿಯ ತುಂಡುಗಳನ್ನು ಹಾಸಿದರು. ನೂರಬಿ ಮಾಸ್ಕ್ ಹಾಕಿಕೊಂಡು ಮುಂಬಾಗಿಲಿನಿಂದಲೇ ಹೊರಟಳು. ಹೊಸ್ತಿಲ ಬಳಿ ಕಾಲು ತಡೆದಾಗ ಇಸ್ರಾರ ಕೈ ಚಾಚಿದ. ಎರಡು ವರ್ಷದ ಮೇಲೆ ಮುಟ್ಟಿದ ತಾಯಿಯ ಬೆರಳು ಇಷ್ಟು ಸಣ್ಣವೇ ಎಂದು ಅವನಿಗೆ ಅನಿಸಿರಬೇಕು, ತಿರುಗಿಸಿ ತಿರುಗಿಸಿ ನೋಡಿದ.

ಫರೀನ್ ಸೂಜಿಗೆ ದಾರ ಪೋಣಿಸಿ ಕೊಟ್ಟಳು. ಮಧು ದಿನ ತುಂಬಿದ ಹೊಟ್ಟೆ ಹಿಡಿದು ಕೂತು ನೋಡುತ್ತಿದ್ದಳು. ನೂರಬಿ ಮೊದಲ ಹೊಲಿಗೆ ಹಾಕಿ ದಾರ ಎಳೆದಳು. ಗೋಡೆಗೆ ಒರಗಿ ನಿಂತ ಇಸ್ರಾರ, ಇದು ಮುಗಿಯಲು ಎಷ್ಟು ದಿನ ಬೇಕಾದೀತು ಎಂದು ಕೇಳಿದ. ಮೊದಲ ಹೊಲಿಗೆಯ ಕೈಯೇ ಕೊನೆಯ ಮೂಲೆಗೂ ಬರಬೇಕೆಂಬುದು ಅವನಿಗೂ ಗೊತ್ತಿತ್ತು.

ನೂರಬಿ ತಲೆ ಎತ್ತಲಿಲ್ಲ. "ನೋಡೂಣು," ಎಂದು ಎರಡನೆಯ ಹೊಲಿಗೆಗೆ ಸೂಜಿ ಚುಚ್ಚಿದಳು.